ಒಂದೇ ತಂತ್ರಾಂಶ, ಹಲವು ಗಣಕ

ಅಂಕೋಲೆಯ ಅಜ್ಜಿಯೊಬ್ಬರು ಬೆಂಗಳೂರಿನ ಮೊಮ್ಮಗಳಿಗೆ ಬಂಗಡೆ ಸಾರಿನ ಕ್ರಮ ಬರೆದು ಕಳಿಸುವಾಗ ಜುಮ್ಮನಕಾಯಿಯ ಹೆಸರು ಬಿಟ್ಟುಹೋಗುವುದುಂಟು. ತಮ್ಮ ಅಡುಗೆಮನೆಯಲ್ಲಿ ಅದು ಸದಾ ಇರುವುದರಿಂದ ಬರೆಯಬೇಕೆಂದೇ ತೋರುವುದಿಲ್ಲ. ಗಣಕದ ತಂತ್ರಾಂಶ ಕಟ್ಟುವವರಿಗೂ ಇದೇ ತೊಡಕು.

ಒಂದೇ ಮೂಲಬರಹದಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಪೊಟ್ಟಣ ಕಟ್ಟಲು 2000ರಲ್ಲಿ ಬಂದ ಸಿಮೇಕ್‌ನಂಥ ಸಾಧನಗಳಿವೆ. ಆದರೂ ಒಂದೆಡೆ ನಡೆದದ್ದು ಇನ್ನೊಂದೆಡೆ ನಿಲ್ಲುತ್ತದೆ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದೆಣಿಸುತ್ತದೆ; ಲಿನಕ್ಸ್ ಬೇರೆ ಬೇರೆ ಎನ್ನುತ್ತದೆ. ಇಲ್ಲವೇ, ಬೇಕಾದೊಂದು ಸಹಾಯಕ ಕಡತ ಕಟ್ಟಿದವರ ಗಣಕದಲ್ಲೇ ಉಳಿದಿರುತ್ತದೆ.

ಪರಿಹಾರವೇನು? ದೋಷಸೂಚನೆಗಳಲ್ಲಿ ಕೊನೆಯದನ್ನಲ್ಲ, ಮೊದಲನೆಯದನ್ನು ಓದಬೇಕು. ಉಳಿದವು ಅನೇಕ ವೇಳೆ ಅದರ ಮರಿಗಳು. ಅರ್ಧಕ್ಕೆ ನಿಂತ ಹಳೆಯ ಕಡತಗಳನ್ನು ಅಳಿಸಿ ಮೊದಲಿನಿಂದ ಕಟ್ಟಬೇಕು. ಅನಂತರ ಬೇರೇನನ್ನೂ ಹಾಕಿರದ ಗಣಕವೊಂದರಲ್ಲಿ ಪೊಟ್ಟಣ ಬಿಚ್ಚಿ ಪರೀಕ್ಷಿಸಬೇಕು.

ಇದು ತಂತ್ರಜ್ಞರ ಮಾತಷ್ಟೇ ಅಲ್ಲ. ಡೆಬಿಯನ್ ಲಿನಕ್ಸಿಗೆ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಹೀಗೆ ಪೊಟ್ಟಣವಾಗಿಯೇ ದೊರೆಯುತ್ತವೆ. ಕನ್ನಡದ ಅಕ್ಷರಶೈಲಿ ಒಂದೂ ಇಲ್ಲದ ಗಣಕದಲ್ಲಿ ಕಿನ್ನರದ ಮಗುವೊಂದು ಪಾಠ ತೆರೆದರೆ ಕಾಣುವುದು ಬರಿಯ ಖಾಲಿ ಚೌಕಗಳು. ಬೇಕಾದುದೆಲ್ಲದರ ಪಟ್ಟಿಯನ್ನು ಪೊಟ್ಟಣದೊಳಗೇ ಬರೆದಿಟ್ಟರೆ ಆ ಮಗುವಿಗೆ ಅಕ್ಷರ ಕಂಡೀತು.