ಬ್ರೆಜಿಲ್‌ನ ಹೆದ್ದಾರಿ, ನಮ್ಮ ಹಸಿರು ಶಾಲು

ಬ್ರೆಜಿಲ್‌ನಲ್ಲಿ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರೆ, ಹೆಬ್ಬಾಳದಲ್ಲೋ ಆರ್.ಟಿ. ನಗರದಲ್ಲೋ ಇರೋ ನಮಗೇನು ಅಂತ ಕೇಳೋರಿದ್ದಾರೆ. ಕರ್ನಾಟಕದ ರೈತರು ಇದಕ್ಕೆ ಯಾವತ್ತೋ ಉತ್ತರ ಕೊಟ್ಟಾಗಿದೆ.

ಮೊದಲು ನಮ್ಮ ಮನೆಯ ವಿಷಯ. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರ ಹೊರಿಸಿದ್ದ ಕರದ ವಿರುದ್ಧ ನರಗುಂದ, ನವಲಗುಂದದಲ್ಲಿ ಜನ ಬೀದಿಗಿಳಿದರು. ಗೋಲಿಬಾರ್ ಆಯ್ತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಪ್ರಾಣ ಬಿಟ್ಟರು. ಆ ಸಿಟ್ಟು, ಆ ದುಃಖ ಹೊತ್ತುಕೊಂಡೇ ಕರ್ನಾಟಕ ರಾಜ್ಯ ರೈತ ಸಂಘ ಬೆಳೀತು. ಇವತ್ತಿಗೂ ಜುಲೈ 21 ಅಂದರೆ ರೈತ ಹುತಾತ್ಮರ ದಿನ.

ಈಗ ಬ್ರೆಜಿಲ್‌ಗೆ ಬನ್ನಿ. 1996ರ ಏಪ್ರಿಲ್ 17, ಪಾರಾ ರಾಜ್ಯದ ಎಲ್ಡೊರಾಡೊ ದೊಸ್ ಕರಜಾಸ್. ಉಳೋಕೆ ಭೂಮಿ ಕೊಡಿ ಅಂತ ರಾಜಧಾನಿ ಬೆಲೆಂ ಕಡೆ ನಡೆದು ಹೊರಟಿದ್ದ ಭೂರಹಿತರು ಹೆದ್ದಾರಿಯಲ್ಲಿ ಕೂತಿದ್ದರು. ಪೊಲೀಸರು ಗುಂಡು ಹಾರಿಸಿದರು. ಅವತ್ತೇ 19 ಜನ ಸತ್ತರು. ಆ ವಾರ ಮೆಕ್ಸಿಕೊದ ತ್ಲಾಶ್ಕಾಲಾದಲ್ಲಿ ಜಗತ್ತಿನ ರೈತ ಸಂಘಟನೆಗಳ ಒಕ್ಕೂಟ ‘ಲಾ ವಿಯಾ ಕಂಪೆಸಿನಾ’ ಸಮ್ಮೇಳನ ಸೇರಿತ್ತು. ಸುದ್ದಿ ಅಲ್ಲಿಗೆ ಮುಟ್ಟಿತು. ಏಪ್ರಿಲ್ 17 ಅಂತರರಾಷ್ಟ್ರೀಯ ರೈತ ಹೋರಾಟದ ದಿನ ಆಯ್ತು.

ಈ ಒಕ್ಕೂಟದಲ್ಲಿ ನಮ್ಮ ರೈತ ಸಂಘವೂ ಇದೆ. ಸಂಘದ ನಾಯಕರಾಗಿದ್ದ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ ಅದನ್ನ ಜಗತ್ತಿನ ಜೊತೆ ಬೆಸೆದವರು. 1999ರಲ್ಲಿ ಅವರ ಮುಂದಾಳತ್ವದಲ್ಲಿ ನೂರಾರು ಭಾರತೀಯ ರೈತರು ಬಸ್ಸುಗಳಲ್ಲಿ ಯುರೋಪ್ ಸುತ್ತಿದರು. ಬ್ರೆಜಿಲ್‌ನ ಭೂರಹಿತರ ಚಳವಳಿಯವರೂ ಜೊತೆಗಿದ್ದರು. ಹಸಿರು ಶಾಲು ಹೊದ್ದ ನಮ್ಮ ಹಳ್ಳಿಯವರು ಜರ್ಮನಿಯ ಕಲೋನ್‌ನಲ್ಲಿ, ಶ್ರೀಮಂತ ದೇಶಗಳ ನಾಯಕರು ಸಭೆ ಸೇರಿದ್ದ ಊರಿನಲ್ಲೇ, ಬೀದಿಗಿಳಿದರು. ಆ ಧೈರ್ಯ ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತೆ.

ಸರಿ, ದೂರದಿಂದ ಕೂಗಿದರೆ ಸತ್ತವರು ಬರ್ತಾರಾ? ಬರಲ್ಲ. ಆದರೆ ಗೋಲಿಬಾರ್ ಆದ ಮೇಲೆ ಮೊದಲು ಹೊರಗೆ ಬರೋದು ಸರ್ಕಾರದ ಕಥೆ: ಜನ ದಂಗೆ ಎದ್ದರು, ಪೊಲೀಸರು ಆತ್ಮರಕ್ಷಣೆಗೆ ಗುಂಡು ಹಾರಿಸಿದರು. ಹೊರಗಿನ ಕಣ್ಣು ಇದ್ದರೆ ಆ ಕಥೆ ಅಷ್ಟು ಸುಲಭಕ್ಕೆ ನಿಲ್ಲಲ್ಲ. ಕರಜಾಸ್‌ನ ಕೇಸಿನಲ್ಲಿ 150ಕ್ಕೂ ಹೆಚ್ಚು ಪೊಲೀಸರು ಆರೋಪಿಗಳು. ಶಿಕ್ಷೆ ಆಗಿದ್ದು ಇಬ್ಬರು ಅಧಿಕಾರಿಗಳಿಗೆ ಮಾತ್ರ, ಅವರು ಶಿಕ್ಷೆ ಅನುಭವಿಸೋಕೆ ಜೈಲಿಗೆ ಹೋಗಿದ್ದು 2012ರಲ್ಲಿ. ಹದಿನಾರು ವರ್ಷ! ಅಷ್ಟು ವರ್ಷ ಒಂದು ಕೇಸನ್ನ ಧೂಳು ಹಿಡಿಯೋಕೆ ಬಿಡದೆ ಕಾಯೋದು ಆ ಹಳ್ಳಿಯ ವಿಧವೆಯರಿಂದಷ್ಟೇ ಆಗೋ ಕೆಲಸ ಅಲ್ಲ.

‘ಹೊರಗಿನವರಿಗೆ ನಮ್ಮ ವಿಷಯ ಯಾಕೆ’ ಅನ್ನೋ ಮಾತು 2020ರ ದೆಹಲಿ ರೈತ ಹೋರಾಟದಲ್ಲೂ ಬಂತು. ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಬುದ್ಧಿ ಹೇಳಿದರೆ ಅದರಲ್ಲಿ ಅದರ ಲೆಕ್ಕಾಚಾರ ಇರುತ್ತೆ, ಒಪ್ತೀನಿ. ಆದರೆ ರೈತ ರೈತನ ಪರ ನಿಲ್ಲೋದು ಬೇರೆ.

ಅಷ್ಟು ದೂರನೂ ಬೇಡ. ಯಲಹಂಕ ದಾಟಿ ದೇವನಹಳ್ಳಿ ತಾಲ್ಲೂಕಿಗೆ ಹೋಗಿ. ಚನ್ನರಾಯಪಟ್ಟಣ ಸುತ್ತಲ 13 ಹಳ್ಳಿಗಳ 1,777 ಎಕರೆಯನ್ನ ಸರ್ಕಾರಕ್ಕೆ ಬಿಟ್ಟುಕೊಡಲ್ಲ ಅಂತ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜೂನ್‌ನಲ್ಲಿ ಪೊಲೀಸರು ಅವರನ್ನ ಎಳೆದೊಯ್ದರು. ಆಗ ಕಾರ್ಮಿಕ ಸಂಘಟನೆ, ದಲಿತ ಸಂಘಟನೆ, ಸಾಹಿತಿಗಳು, ಕಲಾವಿದರು ಬೆಂಗಳೂರಿನಲ್ಲಿ ಅವರ ಜೊತೆ ಬಂದು ಕೂತರು. ಜುಲೈ 15ಕ್ಕೆ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಆ ಹಳ್ಳಿಗಳಿಗೆ ಒಮ್ಮೆ ಹೋಗಿ, ಹೋರಾಡಿದ ಹೆಣ್ಣುಮಕ್ಕಳನ್ನ ಮಾತಾಡಿಸಿ: ನಗರದಿಂದ ಜನ ಬಂದು ಪಕ್ಕದಲ್ಲಿ ಕೂತ ದಿನ ನಿಮಗೆ ಏನನ್ನಿಸಿತು ಅಂತ.