ಮಿಷನ್ ಮುಂದೆ ಕೂತೋಳು, ಬೆನ್ನ ಹಿಂದೆ ನಿಂತೋನು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮಲ್ಲಿ ಎಷ್ಟು ಜನರ ಪರೀಕ್ಷೆ ಫೀಸು ಗಾರ್ಮೆಂಟ್ಸ್ ಸಂಬಳದಿಂದ ಬಂದದ್ದು? ಕೈ ಎತ್ತೋದು ಬೇಡ, ಗೊತ್ತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ಎಲ್ಲೇ ಹೋಗಿ ನೋಡಿ. ಹೊತ್ತು ಮೂಡೋ ಮುಂಚೆ ಅಡುಗೆ ಮಾಡಿಟ್ಟು ಕಾರ್ಖಾನೆಗೆ ಓಡೋರು ನಮ್ಮ ಅವ್ವಂದಿರು, ಅಕ್ಕಂದಿರು. ಅವರಿಗೆ ಹುಕುಂ ಕೊಡೋನು ಯಾರು, ಅವನೇ ಯಾಕೆ, ಅವಳು ಯಾಕಲ್ಲ? ಇವತ್ತಿನ ನಮ್ಮ ಮಾತು ಇಷ್ಟೇ.

ಒಂದು ಲೈನ್ ಒಳಗೆ ಹೋಗಿ ನಿಲ್ಲಿ. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಜೇಬು. ಹೆಲ್ಪರ್ ಹೆಣ್ಣು, ಟೈಲರ್ ಹೆಣ್ಣು, ಚೆಕ್ಕರ್ ಹೆಣ್ಣು. ಸೂಪರ್‌ವೈಸರ್ ಅನ್ನೋ ಹೊತ್ತಿಗೆ ಗಂಡಸು ಬಂದುಬಿಡ್ತಾನೆ. ಅಲ್ಲಿಂದ ಮೇಲಕ್ಕೆ ಫ್ಲೋರ್ ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್, ಮಾಲೀಕ, ಹೆಚ್ಚಿನ ಕಡೆ ಎಲ್ಲ ಅವನೇ. ಹತ್ತು ವರ್ಷ ಹೊಲಿದೋಳಿಗೆ ಆ ಲೈನಿನ ನರನಾಡಿ ಗೊತ್ತು. ಯಾವ ಮಿಷನ್ ಕೈಕೊಡುತ್ತೆ, ಯಾವ ಹುಡುಗಿ ಹೊಸಬಳು, ಎಲ್ಲಿ ಪೀಸು ಗುಡ್ಡೆ ಬೀಳುತ್ತೆ, ಎಲ್ಲ ಗೊತ್ತು. ನಿನ್ನೆ ಬಂದ ಹುಡುಗನಿಗೆ ಕೆಲಸ ಹೇಳಿಕೊಡೋಳೂ ಅವಳೇ. ನಾಳೆ ಅವನೇ ಅವಳ ಬೆನ್ನ ಹಿಂದೆ ಬಂದು ನಿಲ್ತಾನೆ.

ಯಾಕೆ ಹಿಂಗೆ ಅಂದರೆ "ಹೆಂಗಸರಿಗೆ ಲೈನ್ ನಡೆಸೋಕೆ ಬರಲ್ಲ" ಅಂತಾರೆ. ನಡೆಸೋದು ಅಂದ್ರೆ ಅಲ್ಲಿ ಏನು ಅರ್ಥ? ಗಂಟೆಗಿಷ್ಟು ಪೀಸು ಅಂತ ಟಾರ್ಗೆಟ್ ಮೇಲಿಂದ ಬರುತ್ತೆ. ಅದನ್ನ ಎಳೆಯೋಕೆ ಸೂಪರ್‌ವೈಸರ್ ಕೈಲಿರೋ ಅಗ್ಗದ ಆಯುಧ ಬೈಗುಳ. ಆ ಬೈಗುಳ ಕೆಲಸದ ಮೇಲೆ ಬೀಳಲ್ಲ, ಮೈ ಮೇಲೆ ಬೀಳುತ್ತೆ. ಕಣ್ಣು ತೂಗಿದರೆ "ರಾತ್ರಿ ಏನು ಮಾಡ್ತಿದ್ದೆ?" ಹೊಲಿಗೆ ತಪ್ಪಿದರೆ ಬಟ್ಟೆ ತೋರಿಸೋ ನೆಪದಲ್ಲಿ ಭುಜದ ಮೇಲೆ ಕೈ. ಇದನ್ನು ಒಬ್ಬ ಕೆಟ್ಟ ಗಂಡಸಿನ ಚಪಲ ಅಂತ ಬಿಟ್ಟುಬಿಡೋದು ಸುಲಭ. ನಾವು ಬಿಡಲ್ಲ. ಅದು ಅವನ ಚಪಲವೂ ಹೌದು, ಕಂಪನಿಯ ಲೆಕ್ಕವೂ ಹೌದು. ಬರೀ ಮೈ ಅಂತ ನೋಡಿಸಿಕೊಂಡೋಳು ತಲೆ ತಗ್ಗಿಸ್ತಾಳೆ. ತಲೆ ತಗ್ಗಿಸಿದೋಳು ಓಟಿ ದುಡ್ಡು ಎಲ್ಲಿ ಅಂತ ಕೇಳಲ್ಲ. ಆಮೇಲೆ "ಇವಳಿಗೆ ಧೈರ್ಯ ಇಲ್ಲ, ಮೇಲಿನ ಕೆಲಸಕ್ಕೆ ಆಗಲ್ಲ" ಅಂತ ಷರಾ. ತಗ್ಗಿಸಿದೋನೂ ಅವನೇ, ತಗ್ಗಿದ್ದಾಳೆ ಅಂತ ಷರಾ ಬರೆಯೋನೂ ಅವನೇ!

ಇಷ್ಟೆಲ್ಲ ದಾಟಿ ಒಬ್ಬಳು ಸೂಪರ್‌ವೈಸರ್ ಆದಳು ಅನ್ನಿ. ಮಾರನೇ ದಿನ ಊಟದ ಹೊತ್ತಿಗೆ ಪಿಸುಮಾತು: "ಹೆಂಗೆ ಮೇಲೆ ಬಂದಳು ಅಂತ ನಮಗೆ ಗೊತ್ತಿಲ್ವಾ?" ಗಂಡಸಿಗೆ ಬಡ್ತಿ ಸಿಕ್ಕರೆ ಅವನು ಬುದ್ಧಿವಂತ. ಅವಳು ಮೆತ್ತಗೆ ಮಾತಾಡಿದರೆ ಕೈಲಾಗದೋಳು, ಜೋರು ಮಾಡಿದರೆ ಗಂಡುಬೀರಿ. ನಗುತ್ತಾ ಮಾತಾಡಿದರೆ ಇನ್ನೊಂದು ಹೆಸರಿದೆ, ಅದನ್ನ ಈ ಸಭೆಯಲ್ಲಿ ಹೇಳೋದು ಬೇಡ. ಲೆಕ್ಕ ಮುಗಿಸಿ ತಡವಾಗಿ ಬಂದರೆ ಗಂಡನ ಪ್ರಶ್ನೆ, ಬೀದಿಯ ಪ್ರಶ್ನೆ. "ನಂಗೆ ಮಿಷನ್ನೇ ಸಾಕಪ್ಪ" ಅಂತ ಬಡ್ತಿಯನ್ನೇ ಬೇಡ ಅನ್ನೋ ಅಕ್ಕಂದಿರು ಇದ್ದಾರೆ. ಕಂಪನಿ ಅದನ್ನ 'ಹೆಂಗಸರಿಗೆ ಆಸೆ ಇಲ್ಲ' ಅಂತ ಬರೆದುಕೊಳ್ಳುತ್ತೆ. ಅವಳು ನಮ್ಮ ಕೇರಿಯೋಳಾದರಂತೂ, ಕೇರಿ ಹೆಣ್ಣು ಅಂದ್ರೆ ಕೈಗೆಟುಕೋ ಹೆಣ್ಣು ಅನ್ನೋ ಊರಿನ ಹಳೇ ಕಣ್ಣು ಬಸ್ಸು ಹತ್ತಿ ಬೆಂಗಳೂರಿಗೂ ಬಂದಿದೆ.

ಆ ಕಣ್ಣು ಎಷ್ಟು ದೂರ ಹೋಗಬಲ್ಲುದು ಅನ್ನೋದಕ್ಕೆ ರಾಜಸ್ಥಾನದ ಭಟೇರಿ ಹಳ್ಳಿಯನ್ನು ನೆನೆಯಬೇಕು. ಭಂವರಿ ದೇವಿ, ಕುಂಬಾರ ಕುಲದವರು, ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ 'ಸಾಥಿನ್'. ಊರಲ್ಲಿ ಬಾಲ್ಯವಿವಾಹ ತಡೆಯೋದು ಅವರ ಕೆಲಸ. ಅವರು ಆ ಕೆಲಸವನ್ನೇ ಮಾಡಿದರು. ಮೇಲಿನ ಜಾತಿಯ ಮನೆಯಲ್ಲಿ ಹಸುಗೂಸಿನ ಮದುವೆಗೆ ಅಡ್ಡ ನಿಂತರು. 1992ರ ಸೆಪ್ಟೆಂಬರಿನಲ್ಲಿ, ಗಂಡನ ಎದುರೇ, ಅವರ ಮೇಲೆ ಗುಂಪು ಅತ್ಯಾಚಾರ ಆಯಿತು. ಮುಂದಾಳಾಗಿ ಮಾತಾಡಿದ ಹೆಣ್ಣಿಗೆ ಉತ್ತರ ಮಾತಲ್ಲಿ ಬರಲಿಲ್ಲ, ನೀನು ಬರೀ ಮೈ ಅಂತ ಉತ್ತರ ಬಂತು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಮೇಲ್ಜಾತಿಯ ಗಂಡಸು ಕೆಳಜಾತಿಯ ಹೆಣ್ಣನ್ನು ಮುಟ್ಟಿ ಮೈಲಿಗೆ ಆಗಲಾರ ಅನ್ನೋ ತರ್ಕ ಅದರಲ್ಲಿತ್ತು. ಬಾವಿ ನೀರಿಗೆ ಮೈಲಿಗೆ, ಕತ್ತಲಲ್ಲಿ ಯಾವ ಮೈಲಿಗೆ ಅಂತ ನಮ್ಮ ಅಜ್ಜಿಯರನ್ನು ಕೇಳಿದ್ದರೆ ಹೇಳ್ತಿದ್ದರು.

ಆ ಪ್ರಕರಣದಿಂದ ಎದ್ದ ಹೆಂಗಸರು ಸುಪ್ರೀಂ ಕೋರ್ಟಿಗೆ ಹೋದರು. 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾನೂನು. ಹತ್ತು ಜನ ಕೆಲಸ ಮಾಡೋ ಕಡೆ ಒಳ ಸಮಿತಿ ಇರಲೇಬೇಕು. ಸದಸ್ಯರಲ್ಲಿ ಅರ್ಧ ಹೆಂಗಸರು, ಹೊರಗಿನ ಒಬ್ಬರು. ಮೂರು ತಿಂಗಳೊಳಗೆ ದೂರು ಕೊಡಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ, ಮನೆಗೆಲಸದವರಾದರೆ, ಜಿಲ್ಲೆಯ ಸ್ಥಳೀಯ ಸಮಿತಿ. ಬರೆದುಕೊಳ್ಳಿ, ಮನೆಗೆ ಹೋದಾಗ ಅಕ್ಕನಿಗೆ ಹೇಳಿ.

ಇಲ್ಲೊಂದು ತಮಾಷೆ ಇದೆ. ಸಮಿತಿಯ ಅಧ್ಯಕ್ಷೆ ಆ ಜಾಗದ ಹಿರಿಯ ಹುದ್ದೆಯ ಹೆಂಗಸಾಗಿರಬೇಕು ಅನ್ನುತ್ತೆ ಕಾನೂನು. ಹಿರಿಯ ಹುದ್ದೆಗೆ ಒಬ್ಬಳನ್ನೂ ಹತ್ತಿಸದ ಕಾರ್ಖಾನೆ ಎಲ್ಲಿಂದ ತರುತ್ತೆ? ಬೇರೆ ಕಚೇರಿಯಿಂದ ತರಬಹುದು ಅಂತ ಕಾನೂನೇ ದಾರಿ ಕೊಟ್ಟಿದೆ. ಇಲ್ಲವೇ ಆಡಳಿತದ ಕಚೇರಿಯಲ್ಲಿ ಕೂತ ಮೇಡಂ ಇದ್ದಾರೆ. ಅವರು ಸಂಬಳ ತಗೊಳ್ಳೋದು ಮಾಲೀಕನ ಕೈಯಿಂದ. ಲೈನಿನಿಂದ ಎದ್ದು ಬಂದ ಹೆಣ್ಣು ಆ ಕುರ್ಚಿಯಲ್ಲಿ ಕೂರೋ ತನಕ ಸಮಿತಿ ಗೋಡೆ ಮೇಲಿನ ಬೋರ್ಡು ಅಷ್ಟೇ.

ಅವಳಿಗೆ ಕೂರೋಕೆ ಬರುತ್ತಾ ಅಂತ ಇನ್ನೂ ಅನುಮಾನ ಇರೋರು 2016ರ ಏಪ್ರಿಲ್ 18, 19ರ ಹೊಸೂರು ರಸ್ತೆಯನ್ನು ನೆನೆಸಿಕೊಳ್ಳಲಿ. ಪಿ.ಎಫ್. ದುಡ್ಡಿನಲ್ಲಿ ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯೋ ಹಾಗಿಲ್ಲ ಅಂತ ದಿಲ್ಲಿ ಹೇಳಿತ್ತು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಸಾವಿರಾರು ಹೆಂಗಸರು ಮಿಷನ್ ಬಿಟ್ಟು ರಸ್ತೆಗೆ ಬಂದರು, ಲಾಠಿ ತಿಂದರು. 19ಕ್ಕೆ ದಿಲ್ಲಿ ಆ ಆದೇಶ ವಾಪಸ್ ತಗೊಂಡಿತು. ಲೈನ್ ನಡೆಸೋಕೆ ಬರದವರು ದೇಶದ ಸರ್ಕಾರವನ್ನ ಎರಡು ದಿನಕ್ಕೆ ಹಿಂದಕ್ಕೆ ನಡೆಸಿದರು.

ಪಕ್ಕದ ತಮಿಳುನಾಡಿನ ದಿಂಡಿಗಲ್ಲಿನಲ್ಲಿ 2021ರ ಜನವರಿಯಲ್ಲಿ ಒಬ್ಬ ದಲಿತ ಹುಡುಗಿ, ಗಾರ್ಮೆಂಟ್ಸ್ ಕೆಲಸದೋಳು, ಕೊಲೆಯಾದಳು. ಕೊಂದವನು ಅವಳ ಸೂಪರ್‌ವೈಸರ್. ಹೆಂಗಸರೇ ನಡೆಸೋ ಅಲ್ಲಿನ ಯೂನಿಯನ್ ಸುಮ್ಮನಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಕಂಪನಿ, ಬಟ್ಟೆ ಕೊಳ್ಳೋ ವಿದೇಶಿ ಬ್ರಾಂಡು ಎರಡನ್ನೂ ಕೂರಿಸಿ ಒಪ್ಪಂದ ಮಾಡಿಸಿತು. ಕೆಲಸಗಾರ್ತಿಯರೇ ಫ್ಲೋರಿನಲ್ಲಿ ಮಾನಿಟರ್‌ಗಳಾದರು. ಬೆನ್ನ ಹಿಂದೆ ನಿಂತೋನ ಮೇಲೆ ಪಕ್ಕದ ಮಿಷನ್ನಿನ ಕಣ್ಣು ಬಿತ್ತು. ಒಂದು ಹೆಣ ಬಿದ್ದ ಮೇಲೆ ಸಿಕ್ಕಿದ್ದು ಇದು, ಅದನ್ನ ಮರೆಯೋ ಹಾಗಿಲ್ಲ.

ಈಗ ನಮ್ಮ ಅಂಗಳಕ್ಕೆ ಬರೋಣ. 1942ರ ಜುಲೈನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಇದ್ದಾಗಲೇ ದಲಿತ ಮಹಿಳೆಯರ ಸಮ್ಮೇಳನ ನಡೆಯಿತು. ಅಧ್ಯಕ್ಷತೆ ಸುಲೋಚನಾಬಾಯಿ ಡೋಂಗ್ರೆ ಅವರದು. ನಮ್ಮ ಸಭೆಗಳಲ್ಲಿ ಹಾಡೋಕೆ ಗೆಳತಿಯರು ಬೇಕು, ಟೀ ಹಂಚೋಕೆ ಬೇಕು. ಠರಾವು ಬರೆಯೋವಾಗ ಎಷ್ಟು ಜನ ಇರ್ತಾರೆ? ಅವಳು ಮಾತಾಡಿ ಕೂತ ಮೇಲೆ ನಾವು ಚರ್ಚೆ ಮಾಡೋದು ಅವಳ ಮಾತನ್ನೋ, ಅವಳ ಸೀರೆಯನ್ನೋ? ಗಂಡು ಹುಡುಗರೇ, ನಗಬೇಡಿ, ಉತ್ತರ ಕೊಡಿ.

ಕಾಲೇಜುಗಳಿಗೂ ಸಮಿತಿ ಇದೆ. ಯುಜಿಸಿಯ 2015ರ ನಿಯಮದ ಪ್ರಕಾರ ವಿದ್ಯಾರ್ಥಿಗಳ ದೂರಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಅದರಲ್ಲಿ ಕೂರಬೇಕು. ನಿಮ್ಮ ಕಾಲೇಜಿನಲ್ಲಿ ಆ ಚುನಾವಣೆ ನಡೆದಿದೆಯಾ? ಸೋಮವಾರ ಪ್ರಿನ್ಸಿಪಾಲರ ಕೊಠಡಿಗೆ ಹೋಗಿ ಕೇಳಿ. ಹುಡುಗಿಯರ ಹಾಸ್ಟೆಲ್ಲಿನ ಗೆಳತಿಯರು ಹೆಸರು ಕೊಡಲಿ. ಮನೆಮನೆಗೆ ಚೀಟಿ ಹಂಚಿ ಅಭ್ಯಾಸ ಇರೋರು ನಾವು, ಅವರಿಗೂ ಹಂಚ್ತೀವಿ.