ಸರ್ಕಾರವೂ ಒಬ್ಬ ಗಿರಾಕಿ

ಟೆಂಡರ್ ಅಂದ ಕೂಡಲೇ ನಮಗೆ ನೆನಪಾಗೋದು ಹಗರಣ, ಕಮಿಷನ್, ಪರ್ಸೆಂಟೇಜ್. ಇವತ್ತಿನ ಮಾತು ಅದಲ್ಲ. ಯಾರೂ ಒಂದು ರೂಪಾಯಿ ತಿನ್ನದೇ ಇದ್ದರೂ, ಎಲ್ಲವೂ ಕಾನೂನಿನ ಪ್ರಕಾರವೇ ನಡೆದರೂ ಒಂದು ಊರಿನ ದುಡ್ಡು ಊರು ಬಿಟ್ಟು ಹೋಗುತ್ತೆ. ಹೇಗೆ? ಅದನ್ನ ನೋಡೋಣ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಕಡೆ ಒಬ್ಬ ದೊಡ್ಡ ಗಿರಾಕಿ ಇದ್ದಾನೆ. ವರ್ಷವಿಡೀ ಕೊಳ್ಳುತ್ತಾನೆ, ಬರಗಾಲದಲ್ಲೂ ಕೊಳ್ಳುತ್ತಾನೆ. ಅವನೇ ಸರ್ಕಾರ. ಬಿಸಿಯೂಟದ ಬೇಳೆ, ಹಾಸ್ಟೆಲ್‌ನ ತರಕಾರಿ, ಶಾಲೆಯ ಬೆಂಚು, ಆಸ್ಪತ್ರೆಯ ಬೆಡ್‌ಶೀಟ್, ಎಲ್ಲಾ ಅವನ ಚೀಟಿಯಲ್ಲೇ ಇರುತ್ತೆ.

ತೊಗರಿ ವಿಷಯಕ್ಕೇ ಬನ್ನಿ. 2025-26ಕ್ಕೆ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ರೈತ ಕಾಳು ಮಾರಿದ, ಅಲ್ಲಿಗೆ ಅವನ ಕಥೆ ಮುಗೀತು. ಕಾಳು ಬೇಳೆಯಾಗಿ, ಚೀಲ ಸೇರಿ, ಲಾರಿ ಹತ್ತುವಾಗ ಹುಟ್ಟೋ ಕೂಲಿ, ಬಾಡಿಗೆ, ಲಾಭ ಬೇರೆಯವರದು. ಸಿಂದಗಿಯ ಹಾಸ್ಟೆಲ್ ಹುಡುಗನ ತಟ್ಟೆಯಲ್ಲಿರೋ ಬೇಳೆ ಯಾವ ಊರಿನ ಮಿಲ್ಲಿಂದ ಬಂತು? ಒಮ್ಮೆ ಕೇಳಿ ನೋಡಿ.

ಬೇರೆ ದಾರಿ ಇಲ್ಲ ಅನ್ನಬೇಡಿ. ಜೋಳದಲ್ಲಿ ಆ ದಾರಿಯನ್ನ ಸರ್ಕಾರವೇ ತೋರಿಸಿದೆ. ಬೆಂಬಲ ಬೆಲೆಗೆ ಜೋಳ ಕೊಂಡು, ಅದನ್ನೇ ಉತ್ತರ ಕರ್ನಾಟಕದ ಪಡಿತರದಲ್ಲಿ ಹಂಚುತ್ತೆ. ಬೆಳೆದವನೂ ಇಲ್ಲಿಯವನು, ರೊಟ್ಟಿ ಬಡಿಯೋಳೂ ಇಲ್ಲಿಯವಳು.

ಇನ್ನು ಕೂಡಗಿ. ಅಖಂಡ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಊರು. ಅಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರ ಇದೆ. ಕೇಂದ್ರದ ಸಾರ್ವಜನಿಕ ಉದ್ಯಮಗಳು ಸಣ್ಣ ಕೈಗಾರಿಕೆಗಳಿಂದ ಕೊಳ್ಳಬೇಕು ಅಂತ 2012ರಲ್ಲಿ ನೀತಿ ಬಂತು. 2018ರಲ್ಲಿ ಆ ಪಾಲನ್ನ ಶೇ. 25ಕ್ಕೆ ಏರಿಸಿದರು. ಅದರಲ್ಲಿ ಶೇ. 4 ಪರಿಶಿಷ್ಟರ ಉದ್ಯಮಗಳಿಗೆ, ಶೇ. 3 ಮಹಿಳೆಯರ ಉದ್ಯಮಗಳಿಗೆ. 358 ವಸ್ತುಗಳನ್ನ ಸಣ್ಣವರಿಂದಲೇ ಕೊಳ್ಳಬೇಕು. ಠೇವಣಿಯಿಂದ ವಿನಾಯಿತಿಯೂ ಇದೆ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಒಂದು ತೂತಿದೆ. ಈ ನೀತಿ 'ಸಣ್ಣವರು' ಅನ್ನುತ್ತೆ, 'ಸ್ಥಳೀಯರು' ಅನ್ನಲ್ಲ. ಗುಜರಾತಿನ ಸಣ್ಣ ಕಾರ್ಖಾನೆ ಕೊಟ್ಟರೂ ಲೆಕ್ಕ ಸರಿಹೋಗುತ್ತೆ. ಬಾಯ್ಲರ್, ಟರ್ಬೈನ್ ಬಾಗೇವಾಡಿಯಲ್ಲೇ ಮಾಡಿ ಅಂತ ನಾನು ಹೇಳ್ತಾ ಇಲ್ಲ. ಸಮವಸ್ತ್ರ ಹೊಲಿಯೋದು, ಗೇಟು-ಗ್ರಿಲ್ ವೆಲ್ಡಿಂಗ್, ಕ್ಯಾಂಟೀನ್‌ಗೆ ತರಕಾರಿ, ಇಂಡಿಯ ಲಿಂಬೆಹಣ್ಣು, ಇಷ್ಟನ್ನ ಪಕ್ಕದ ಊರಿನವರು ಕೊಡಲಾರರಾ?

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. 'ಸ್ಥಳೀಯರು' ಅಂದ್ರೆ ಕೊನೆಗೆ ಶಾಸಕರ ಬೆಂಬಲಿಗರು, ಅಧಿಕಾರಿಯ ಬೀಗರು ಅಂತಾಗಲ್ವಾ? ಆಗಬಹುದು. ಆ ಆಟ ನಿಲ್ಲಿಸೋಕೇ 1999ರಲ್ಲಿ ನಮ್ಮ ರಾಜ್ಯ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ತಂದಿದ್ದು. ಅದನ್ನ ಸಡಿಲ ಮಾಡಿ ಅಂತ ನಾನು ಕೇಳಲ್ಲ. ಟೆಂಡರ್ ಇರಲಿ, ಪೈಪೋಟಿ ಇರಲಿ. ಆದರೆ ಇಡೀ ಜಿಲ್ಲೆಗೆ ಒಂದೇ ದೊಡ್ಡ ಟೆಂಡರ್ ಕರೆದು, ಕೋಟಿಗಟ್ಟಲೆ ವಹಿವಾಟಿನ ಷರತ್ತು ಹಾಕಿದರೆ ಮುದ್ದೇಬಿಹಾಳದ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಾಗಿಲಲ್ಲೇ ನಿಲ್ಲಬೇಕಾಗುತ್ತೆ. ತಾಲ್ಲೂಕುವಾರು ಟೆಂಡರ್ ಕರೆಯಿರಿ, ಎಲ್ಲವನ್ನೂ ಬಹಿರಂಗವಾಗಿಯೇ ಕರೆಯಿರಿ.

ಎರಡನೆಯದು ದುಡ್ಡು. ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅನ್ನುತ್ತೆ 2006ರ ಕಾಯ್ದೆ. ತಡವಾದರೆ ಬಡ್ಡಿ ಸಮೇತ ಕೊಡಬೇಕು. ಬಿಲ್ಲು ಆರು ತಿಂಗಳು ಟೇಬಲ್ ಮೇಲೆ ಕೂತರೆ ದೊಡ್ಡ ಗುತ್ತಿಗೆದಾರ ತಡ್ಕೋತಾನೆ. ಸಾಲ ಮಾಡಿ ಮಾಲು ಕೊಟ್ಟ ಸಣ್ಣವನು ಅಂಗಡಿ ಮುಚ್ಚುತ್ತಾನೆ.

ಬ್ರೆಜಿಲ್ 2009ರಲ್ಲಿ ಒಂದು ಕಾನೂನು ಮಾಡಿತು. ಶಾಲೆಯೂಟಕ್ಕೆ ಕೇಂದ್ರ ಕೊಡೋ ಹಣದಲ್ಲಿ ಕನಿಷ್ಠ ಶೇ. 30 ಸಣ್ಣ ರೈತ ಕುಟುಂಬಗಳಿಗೆ ಹೋಗಬೇಕು, ಸ್ಥಳೀಯರಿಗೆ ಆದ್ಯತೆ ಸಿಗಬೇಕು ಅಂತ. ಅವರಿಗೆ ಆಗಿದ್ದು ಕಾಯಕ, ದಾಸೋಹ ಅಂತ ಜಗತ್ತಿಗೆ ಹೇಳಿದ ಬಸವಣ್ಣನವರ ನೆಲದಲ್ಲಿ ಯಾಕೆ ಆಗಬಾರದು?

ವೀಕ್ಷಕರೇ, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ನಿಮ್ಮ ತಾಲ್ಲೂಕಿನ ಕಚೇರಿಗೆ ಮೂರೇ ಪ್ರಶ್ನೆ ಹಾಕಿ. ಕಳೆದ ವರ್ಷ ಏನು ಕೊಂಡಿರಿ? ಯಾವ ಊರಿನವರಿಂದ ಕೊಂಡಿರಿ? ಎಷ್ಟು ದಿನಕ್ಕೆ ದುಡ್ಡು ಕೊಟ್ಟಿರಿ? ಉತ್ತರ ಬಂದರೆ ನಮಗೂ ಕಳಿಸಿ, ಇಲ್ಲೇ ಓದ್ತೀನಿ.